ದಿವಾಳಿ ಎದ್ದವನ ಮಣ್ಣು

ವ್ಯಾಪಾರದಲ್ಲಿ ಸೋತು, ಸಾಲ ತೀರಿಸಲಾಗದೆ ಕೈಚೆಲ್ಲಿದವನನ್ನು ‘ದಿವಾಳಿ ಎದ್ದ’ ಎನ್ನುತ್ತೇವೆ. ಹಿಂದಿನ ಕಾಲದಲ್ಲಿ ಅಂಥ ಸಾಹುಕಾರ ಹಾಡುಹಗಲಲ್ಲೇ ಅಂಗಡಿಯ ಮುಂದೆ ದೀಪ ಹಚ್ಚಿಡುತ್ತಿದ್ದನಂತೆ. ದೀಪ ಕಂಡ ಸಾಲಿಗರು ಇಲ್ಲಿಂದ ಇನ್ನು ಬರತಕ್ಕದ್ದೇನೂ ಇಲ್ಲವೆಂದು ತಿಳಿಯುತ್ತಿದ್ದರಂತೆ. ಆ ಶಬ್ದಕ್ಕೆ ಇದೇ ಮೂಲವೆಂದು ಹೇಳುವುದುಂಟು. ಅದು ನಿಜವೋ ಕಟ್ಟುಕತೆಯೋ, ಕಲ್ಪನೆಯಂತೂ ಚೆನ್ನಾಗಿದೆ. ದೀಪ ಹಚ್ಚಿದವನು ತನ್ನ ಸೋಲನ್ನು ಊರಿಗೆ ಸಾರುತ್ತಾನೆ. ಊರು ಅವನನ್ನು ಬಿಟ್ಟುಬಿಡುತ್ತದೆ.

ಆದರೆ ಅವನು ಬಿಟ್ಟುಹೋದ ಅಂಗಡಿಯ ನೆಲಮಾಳಿಗೆಯಲ್ಲಿ ವಿಷದ ಪೀಪಾಯಿಗಳು ಸೋರುತ್ತಿದ್ದರೆ? ಅವನು ತೋಡಿದ ಗುಂಡಿಯಲ್ಲಿ ನೆರೆಯವರ ಮಕ್ಕಳು ಬೀಳುವಂತಿದ್ದರೆ? ಸಾಲದ ಜೊತೆಗೆ ಆ ಹೊಣೆಯೂ ದೀಪದ ಬೆಳಕಿನಲ್ಲಿ ಕರಗಿಹೋಗುವುದೇ? ಇದು ವಕೀಲರು ವಾದಿಸಿ ಮುಗಿಸುವ ಪ್ರಶ್ನೆಯೆಂದು ಮೇಲುನೋಟಕ್ಕೆ ಕಾಣುತ್ತದೆ. ಒಳಹೊಕ್ಕು ನೋಡಿದರೆ ಧರ್ಮದ ಪ್ರಶ್ನೆಯೇ ಇದರ ಬುಡದಲ್ಲಿದೆ. ಅದನ್ನು ನಮ್ಮಂಥ ಸಾಮಾನ್ಯ ಸಂಬಳದಾರರೂ ಯೋಚಿಸಿ ನೋಡಬೇಕಾಗಿದೆ.

ಮೊದಲಿಗೆ ದಿವಾಳಿ ಕಾಯಿದೆಯ ಪರವಾಗಿ ಒಂದು ಮಾತು. ಅದು ದಯೆಯ ಕಾಯಿದೆ. ಸಾಲ ತೀರಿಸದವನನ್ನು ಸೆರೆಮನೆಗೆ ಅಟ್ಟುತ್ತಿದ್ದ ಕಾಲವೊಂದಿತ್ತು. ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ನ ತಂದೆ 1824ರಲ್ಲಿ ಸಾಲಕ್ಕಾಗಿ ಲಂಡನ್ನಿನ ಮಾರ್ಷಲ್‌ಸೀ ಸೆರೆಮನೆ ಸೇರಿದ. ಹನ್ನೆರಡು ವರ್ಷದ ಬಾಲಕ ಚಾರ್ಲ್ಸ್ ಬೂಟುಪಾಲಿಷ್ ತಯಾರಿಸುವ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿ ಹೊಟ್ಟೆ ಹೊರೆಯಬೇಕಾಯಿತು. ತಂದೆಯ ಸಾಲಕ್ಕೆ ಮಗನ ಬಾಲ್ಯ ತೆತ್ತದ್ದಾಯಿತು. ನಮ್ಮ ದೇಶದಲ್ಲಿಯೂ ತಂದೆಯ ಸಾಲವನ್ನು ಮಗ ತೀರಿಸುವುದು ಧರ್ಮವೆನಿಸಿತ್ತು. ಆದರೂ ನಮ್ಮ ಶಾಸ್ತ್ರಕಾರರು ಅದಕ್ಕೆ ಮಿತಿಗಳನ್ನು ಹಾಕಿದ್ದರು. ಬಡ್ಡಿ ಅಸಲನ್ನು ಮೀರಕೂಡದೆಂಬ ‘ದಾಮ್‌ದುಪ್ಪಟ್’ ನಿಯಮವನ್ನು ಮುಂಬಯಿ ಪ್ರಾಂತದ ನ್ಯಾಯಾಲಯಗಳೂ ಮನ್ನಿಸುತ್ತಿದ್ದವು. ಜೂಜು, ದುಶ್ಚಟಗಳಿಗೆ ತಂದೆ ಮಾಡಿದ ಸಾಲ ಮಗನ ತಲೆಗೆ ಬರುತ್ತಿರಲಿಲ್ಲ. ಕೊನೆಗೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯು, ಅಲ್ಲಿಂದ ಮುಂದೆ ಆಗುವ ಸಾಲಗಳಿಗೆ ಮಗನ ಈ ಧಾರ್ಮಿಕ ಹೊಣೆಯನ್ನೇ ತೆಗೆದುಹಾಕಿತು. ಸೋತವನಿಗೆ ಮತ್ತೊಂದು ಅವಕಾಶ ಸಿಗಬೇಕು, ಅವನ ಸೋಲು ಮಕ್ಕಳ ಕೊರಳಿಗೆ ಉರುಳಾಗಬಾರದು ಎಂಬುದನ್ನು ಮನುಷ್ಯಕುಲ ಬಹಳ ಕಷ್ಟಪಟ್ಟು ಕಲಿತಿದೆ. ಇದನ್ನು ಕಡೆಗಣಿಸಿ ಮಾತನಾಡುವುದು ಸಲ್ಲ.

ಹಾಗಿದ್ದಮೇಲೆ ತೊಡಕು ಎಲ್ಲಿದೆ?

ಹಣದ ಸಾಲ ಇಬ್ಬರ ನಡುವಿನ ಮಾತು. ಕೊಟ್ಟವನು ಯೋಚಿಸಿ ಕೊಟ್ಟಿರುತ್ತಾನೆ. ಪತ್ರ ಬರೆಸಿಕೊಂಡಿರುತ್ತಾನೆ, ಬಡ್ಡಿ ಎಣಿಸಿರುತ್ತಾನೆ, ಮುಳುಗಬಹುದಾದ ಅಪಾಯಕ್ಕಾಗಿಯೇ ಬಡ್ಡಿಯನ್ನು ತುಸು ಹೆಚ್ಚು ಹಾಕಿರುತ್ತಾನೆ. ಬಿಟ್ಟುಕೊಡುವ ಅಧಿಕಾರವೂ ಅವನದೇ. ಅವನು ಬಿಟ್ಟುಕೊಟ್ಟ ಕ್ಷಣ ಸಾಲವೆಂಬುದು ಲೋಕದಿಂದಲೇ ಮಾಯವಾಗುತ್ತದೆ, ಏಕೆಂದರೆ ಅದು ಇದ್ದದ್ದೇ ಕಾಗದದ ಮೇಲೆ ಮತ್ತು ಮನಸ್ಸಿನಲ್ಲಿ. ನೆಲಕ್ಕೆ ಸುರಿದ ವಿಷ ಹಾಗಲ್ಲ. ದ್ರವ್ಯ ನಾಶವಾಗುವುದಿಲ್ಲವೆಂದು ವಿಜ್ಞಾನದ ಮೊದಲ ಪಾಠಗಳಲ್ಲಿಯೇ ಓದಿದ್ದೇವೆ. ಸೀಸ, ಪಾದರಸ, ಪಾಷಾಣದಂಥವು ಮೂಲವಸ್ತುಗಳು. ಅವನ್ನು ಸುಟ್ಟರೂ ಹೂತರೂ ಅವು ಬೇರೊಂದಾಗಲಾರವು. ನ್ಯಾಯಾಧೀಶರ ಸಹಿಯಿಂದ ಲಕ್ಷಾಂತರ ರೂಪಾಯಿಯ ಸಾಲ ಹರಿದುಹೋದೀತು. ಬಾವಿಯ ನೀರಿನಲ್ಲಿರುವ ಒಂದು ಮಿಲಿಗ್ರಾಂ ಸೀಸವೂ ಆ ಸಹಿಗೆ ಕದಲುವುದಿಲ್ಲ. ಇನ್ನು ಆ ಬಾವಿಯ ನೀರು ಕುಡಿಯುವವನು ಯಾರಿಗೂ ಏನನ್ನೂ ಸಾಲ ಕೊಟ್ಟವನಲ್ಲ. ಬಡ್ಡಿ ಕಂಡವನಲ್ಲ. ಸಾಲಿಗರ ಸಭೆಗೆ ಅವನಿಗೆ ಕರೆಯೋಲೆಯೂ ಬರುವುದಿಲ್ಲ. ಅವನ ಪರವಾಗಿ ಮತ್ತೊಬ್ಬರು ‘ಕ್ಷಮಿಸಿದ್ದೇವೆ’ ಎಂದರೆ ಅದಕ್ಕೆ ಕ್ಷಮೆಯೆಂದು ಹೆಸರಿಡಲು ಬರುವುದಿಲ್ಲ. ಪರರ ಸೊತ್ತನ್ನು ದಾನ ಮಾಡಿದಂತಾಯಿತಷ್ಟೆ.

ಪುಣೆಯ ಕನ್ನಡಿಗರಿಗೆ ಜೇಜುರಿ ಪರಸ್ಥಳವಲ್ಲ. ಮೈಲಾರಲಿಂಗನನ್ನು ಮನೆದೇವರಾಗಿ ಉಳ್ಳವರು ಅಲ್ಲಿಯ ಖಂಡೋಬನಲ್ಲಿ ತಮ್ಮ ಮೈಲಾರನನ್ನೇ ಕಾಣುತ್ತಾರೆ, ಭಂಡಾರ ಹಾರಿಸುತ್ತಾರೆ. ಅರಿಸಿನ ಮುಚ್ಚಿದ ಆ ಬೆಟ್ಟವನ್ನು ಮರಾಠಿಗರು ‘ಸೋನ್ಯಾಚಿ ಜೇಜುರಿ’, ಎಂದರೆ ಚಿನ್ನದ ಜೇಜುರಿ ಎನ್ನುತ್ತಾರೆ. ನಮ್ಮ ಪ್ರಶ್ನೆಗೆ ಈ ಊರು ಎರಡು ಕಡೆಯಿಂದ ಬೆಳಕು ಕೊಡುತ್ತದೆ.

ಮೊದಲನೆಯದು ಹರಕೆಯ ಸಂಗತಿ. ಮಕ್ಕಳಿಲ್ಲದವರು ಮಗುವಾದರೆ ಅದನ್ನು ದೇವರಿಗೇ ಒಪ್ಪಿಸುತ್ತೇವೆಂದು ಖಂಡೋಬನಿಗೆ ಹರಸಿಕೊಳ್ಳುತ್ತಿದ್ದರು. ಹಾಗೆ ಒಪ್ಪಿಸಿದ ಗಂಡುಮಗು ವಾಘ್ಯಾ ಆಗುತ್ತಿತ್ತು, ಹೆಣ್ಣುಮಗು ಮುರಳಿಯಾಗುತ್ತಿತ್ತು. ಹರಕೆ ಹೊತ್ತವರು ತಾಯಿತಂದೆಯರು, ತೀರಿಸಬೇಕಾದವರು ಮಕ್ಕಳು. ಅವರು ಹಾಡಿ ಕುಣಿದು ಜಾಗರಣೆ ನಡೆಸಿ ಬೆಳೆಸಿದ ಕಲೆಗೆ ನಾವು ತಲೆಬಾಗಲೇಬೇಕು. ಆದರೆ ಮುರಳಿಯಾದ ಹೆಣ್ಣುಮಕ್ಕಳ ಬಾಳು ಏನಾಗುತ್ತಿತ್ತೆಂಬುದನ್ನು ತಿಳಿದವರು ಸುಮ್ಮನಿರಲಾರದೆ ಹೋದರು. 1934ರ ಮುಂಬಯಿ ದೇವದಾಸಿ ಸಂರಕ್ಷಣ ಕಾಯಿದೆಯಿಂದ ಹಿಡಿದು 2005ರ ಮಹಾರಾಷ್ಟ್ರ ಕಾಯಿದೆಯವರೆಗೆ, ಹೆಣ್ಣುಮಕ್ಕಳನ್ನು ಹೀಗೆ ಒಪ್ಪಿಸುವುದು ಅಪರಾಧವೆಂದು ಸಾರಲಾಯಿತು. ಇದರ ಹಿಂದಿನ ತತ್ವ ಸರಳವಾದುದು. ತನ್ನ ಒಪ್ಪಿಗೆಯಿಲ್ಲದೆ, ತಾನು ಹುಟ್ಟುವ ಮೊದಲೇ ಮತ್ತೊಬ್ಬರು ಮಾಡಿದ ಕರಾರಿಗೆ ಮಗು ತನ್ನ ಬಾಳನ್ನು ತೆರಬೇಕಾಗಿಲ್ಲ. ದೇವರ ಹೆಸರಿನಲ್ಲಿ ಮಾಡಿದ ಕರಾರಿಗೇ ಈ ಮಾತು ಅನ್ವಯಿಸುವುದಾದರೆ, ಲಾಭದ ಹೆಸರಿನಲ್ಲಿ ಮಾಡಿದ್ದಕ್ಕೆ ಅನ್ವಯಿಸದೇ?

ಎರಡನೆಯದು ಬೆಟ್ಟದ ಕೆಳಗಿನ ಸಂಗತಿ. ಜೇಜುರಿಯಲ್ಲಿ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳದ, ಎಂದರೆ ಎಲ್ಲರೂ ಎಂ.ಐ.ಡಿ.ಸಿ. ಎನ್ನುವ ಸಂಸ್ಥೆಯ ಕೈಗಾರಿಕಾ ಪ್ರದೇಶವಿದೆ. ಈ ಸಂಸ್ಥೆ ಸಾಮಾನ್ಯವಾಗಿ ನಿವೇಶನಗಳನ್ನು 95 ವರ್ಷಗಳ ಗೇಣಿಗೆ ಕೊಡುತ್ತದೆ. ಗೇಣಿಯ ಹಕ್ಕನ್ನು ಬ್ಯಾಂಕಿಗೆ ಒತ್ತೆಯಿಟ್ಟು ಕಾರ್ಖಾನೆದಾರ ಸಾಲ ಎತ್ತುತ್ತಾನೆ. ಕಾರ್ಖಾನೆ ಮುಳುಗಿದರೆ ಬ್ಯಾಂಕು ಹರಾಜು ಕೂಗುತ್ತದೆ. ಇಂಥ ಹರಾಜಿನ ಪ್ರಕಟಣೆಗಳನ್ನು ಪತ್ರಿಕೆಗಳಲ್ಲಿ ನಾವೆಲ್ಲ ನೋಡುತ್ತಲೇ ಇರುತ್ತೇವೆ: ‘ಇದ್ದಲ್ಲಿ ಇದ್ದಂತೆ, ಏನಿದೆಯೋ ಅದು’ ಎಂಬ ಷರತ್ತಿನ ಮೇಲೆ ಮಾರಾಟ. ಶೆಡ್ಡು ಎಷ್ಟು ಚದರಡಿ, ಚೆಕ್ಕುಬಂದಿ ಏನು, ಬಾಕಿ ಎಷ್ಟು, ಎಲ್ಲವೂ ಅದರಲ್ಲಿ ಇರುತ್ತದೆ. ನೆಲದಡಿ ಏನಿದೆಯೆಂಬ ಮಾತು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಜೇಜುರಿಯ ಯಾವುದೋ ನಿವೇಶನದಲ್ಲಿ ಹೀಗೆ ವಿಷ ಉಳಿದಿದೆಯೆಂದು ನಾವು ಹೇಳುತ್ತಿಲ್ಲ. ಯಾರೂ ಹಾಗೆ ತಿಳಿಯಬಾರದು. ಇಂಥ ಪ್ರದೇಶ ಈಗ ಅನೇಕ ತಾಲೂಕುಗಳಲ್ಲಿ ಉಂಟು, ಆ ಷರತ್ತು ಬಹುತೇಕ ಪ್ರಕಟಣೆಗಳಲ್ಲಿ ಉಂಟು. ‘ಏನಿದೆಯೋ ಅದು’ ಎಂಬ ಮಾತಿನಲ್ಲಿ ಏನೆಲ್ಲ ಅಡಗಿರಬಹುದೆಂಬುದೇ ನಮ್ಮ ಪ್ರಶ್ನೆ.

ಕಾಯಿದೆಯಲ್ಲಿ ಇದಕ್ಕಿಂತಲೂ ಮುಂದಿನ ಹೆಜ್ಜೆಯೊಂದಿದೆ. ಸಮಾಪನೆಗೊಳ್ಳುವ ಕಂಪನಿಯ ಆಸ್ತಿಗಳಲ್ಲಿ ಯಾವುದಾದರೂ ಲಾಭಕ್ಕಿಂತ ಹೊರೆಯೇ ಹೆಚ್ಚಾಗಿದ್ದರೆ, ‘ಇದು ನಮಗೆ ಬೇಡ’ ಎಂದು ಸಮಾಪಕ ಅದನ್ನು ತ್ಯಜಿಸಬಹುದು. 1956ರ ಕಂಪನಿ ಕಾಯಿದೆಯ 535ನೆಯ ಕಲಮು ಇದಕ್ಕೆ ದಾರಿ ಮಾಡಿಕೊಟ್ಟಿತ್ತು. 2013ರ ಕಾಯಿದೆಯ 333ನೆಯ ಕಲಮು ಅದನ್ನೇ ಮುಂದುವರಿಸಿದೆ. ಸಾಲಿಗರಿಗೆ ಸಿಗುವ ನಾಲ್ಕು ಕಾಸು ಕೆಲಸಕ್ಕೆ ಬಾರದ ಆಸ್ತಿಯ ಉಸಾಬರಿಯಲ್ಲಿ ಕರಗಬಾರದೆಂಬುದು ಉದ್ದೇಶ. ಉದ್ದೇಶವೇನೋ ಒಳ್ಳೆಯದೇ. ಆದರೆ ಎಲ್ಲಕ್ಕಿಂತ ಹೊರೆಯಾದ ಆಸ್ತಿಯೆಂದರೆ ಎಲ್ಲಕ್ಕಿಂತ ವಿಷಪೂರಿತವಾದ ಆಸ್ತಿಯೇ ಆಗಿರುತ್ತದೆ. ಎಷ್ಟು ಹೆಚ್ಚು ಕೆಡಿಸಿದರೆ ಅಷ್ಟು ಸುಲಭವಾಗಿ ಬಿಟ್ಟುಹೋಗಬಹುದು ಎಂಬ ವಿಚಿತ್ರ ಸ್ಥಿತಿ ಇದರಿಂದ ಉಂಟಾಗುತ್ತದೆ.

ಅಮೆರಿಕೆಯಲ್ಲಿ ಈ ಪ್ರಶ್ನೆ 1986ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನ ಮುಂದೆ ಬಂತು. ಕ್ವಾಂಟಾ ರಿಸೋರ್ಸಸ್ ಎಂಬುದು ಬಳಸಿದ ಎಣ್ಣೆಯನ್ನು ಸಂಸ್ಕರಿಸುವ ಕಂಪನಿ. ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ರಾಜ್ಯಗಳಲ್ಲಿ ಅದರ ಎರಡು ಸ್ಥಳಗಳಿದ್ದವು, ಎರಡರಲ್ಲೂ ಪಿ.ಸಿ.ಬಿ. ಎಂಬ ವಿಷ ಬೆರೆತ ಎಣ್ಣೆಯ ರಾಶಿ. ಕಂಪನಿ ದಿವಾಳಿಯಾಯಿತು. ಟ್ರಸ್ಟಿಯಾಗಿ ಬಂದವನು ಇವು ಆಸ್ತಿಯಲ್ಲ, ಹೊರೆ ಎಂದು ಕೈಬಿಟ್ಟ. ಹಗಲೂ ರಾತ್ರಿ ಇದ್ದ ಕಾವಲುಗಾರರನ್ನು ತೆಗೆದ. ಬೆಂಕಿ ನಂದಿಸುವ ಏರ್ಪಾಡನ್ನೂ ನಿಲ್ಲಿಸಿದ. ಖರ್ಚು ಉಳಿಯಿತು ನಿಜ. ಉಳಿದದ್ದು ಯಾರ ತಲೆಯ ಮೇಲೆ? ನ್ಯಾಯಪೀಠ ಐವರು ಒಂದು ಕಡೆ, ನಾಲ್ವರು ಒಂದು ಕಡೆಯಾಗಿ ತೀರ್ಪು ಕೊಟ್ಟಿತು: ಜನರ ಆರೋಗ್ಯ ಹಾಗೂ ಸುರಕ್ಷತೆಗಾಗಿಯೇ ಇರುವ ಕಾಯಿದೆಗಳನ್ನು ಮುರಿದು ದಿವಾಳಿಯ ಟ್ರಸ್ಟಿ ಆಸ್ತಿಯನ್ನು ತ್ಯಜಿಸಿ ಹೋಗುವಂತಿಲ್ಲ. ಒಂಬತ್ತು ಜನರಲ್ಲಿ ನಾಲ್ವರು ಒಪ್ಪಲಿಲ್ಲವೆಂಬುದನ್ನೂ ಗಮನಿಸಬೇಕು. ಪ್ರಶ್ನೆ ಕಠಿಣವಾದದ್ದೆಂಬುದಕ್ಕೆ ಅದೇ ಸಾಕ್ಷಿ.

ಈಗ ನಮ್ಮ ಮನೆಯ ಬಾಗಿಲಿಗೇ ಬರೋಣ. ಜೇಜುರಿ ಅರಿಸಿನದಿಂದ ಚಿನ್ನವಾದರೆ, ಕೋಲಾರ ಜಿಲ್ಲೆಯ ಕೆ.ಜಿ.ಎಫ್. ನಿಜವಾದ ಚಿನ್ನದ ನೆಲ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಅಲ್ಲಿ ಕಾಲಿಟ್ಟರು. ಆ ಗಣಿಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿಯಿತು. ಅದನ್ನು ನೆನೆದು ನಾವು ಈಗಲೂ ಹೆಮ್ಮೆಪಡುತ್ತೇವೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಗಣಿ ಲೋಕಪ್ರಸಿದ್ಧವಾಯಿತು. 1956ರಲ್ಲಿ ಮೈಸೂರು ಸರಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರಕ್ಕೆ ಸೇರಿದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಕಂಪನಿಯಾಯಿತು. ಅದಿರು ಬಡವಾಗುತ್ತ ಹೋಯಿತು, ನಷ್ಟ ಬೆಳೆಯಿತು. 1992ರಲ್ಲಿ ಅದನ್ನು ‘ರೋಗಗ್ರಸ್ತ’ ಕೈಗಾರಿಕೆಯೆಂದು ಘೋಷಿಸಲಾಯಿತು. 2001ರ ಫೆಬ್ರವರಿ ಮುಗಿಯುವುದರೊಂದಿಗೆ ಗಣಿಯೂ ಮುಚ್ಚಿತು. ಮೂರು ಸಾವಿರಕ್ಕೂ ಮೇಲ್ಪಟ್ಟ ಕಾರ್ಮಿಕರು ಕೆಲಸ ಕಳೆದುಕೊಂಡರು. ಪಂಪುಗಳು ನಿಂತವು, ಪಾತಾಳದ ಸುರಂಗಗಳಲ್ಲಿ ನೀರು ತುಂಬಿತು.

ನೆಲದ ಮೇಲೆ ಉಳಿದದ್ದೇನು? ಕೊನೆಕೊನೆಗೆ ಒಂದು ಟನ್ ಅದಿರಿನಲ್ಲಿ ಸಿಗುತ್ತಿದ್ದ ಚಿನ್ನ ಕೆಲವೇ ಗ್ರಾಂ. ಕಲ್ಲನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ನೆನೆಸಿ, ಕರಗಿದ ಚಿನ್ನವನ್ನು ಬೇರ್ಪಡಿಸಿ ತೆಗೆದರೆ, ಮಿಕ್ಕ ಟನ್ನು ಹೆಚ್ಚುಕಡಿಮೆ ಟನ್ನಾಗಿಯೇ ಉಳಿಯುತ್ತದೆ. ನೂರು ವರ್ಷಕ್ಕೂ ಮೇಲಿನ ಈ ಮಿಕ್ಕುಳಿಕೆ ಇಂದು ಅಲ್ಲಿ 13 ದಿಬ್ಬಗಳಾಗಿ ನಿಂತಿದೆ; ತೂಕ ಸುಮಾರು 3 ಕೋಟಿ 30 ಲಕ್ಷ ಟನ್. ಊರವರು ಇವನ್ನು ‘ಸೈನೈಡ್ ಗುಡ್ಡ’ ಎನ್ನುತ್ತಾರೆ. ಸೈನೈಡು ಬಿಸಿಲು ಗಾಳಿಗೆ ಕ್ರಮೇಣ ಒಡೆದುಹೋಗುತ್ತದೆಂಬುದು ನಿಜ. ಆದರೆ ನುಣ್ಣನೆಯ ಸಿಲಿಕಾ ಪುಡಿ ಒಡೆದುಹೋಗುವುದಿಲ್ಲ, ಲೋಹಗಳೂ ಹೋಗುವುದಿಲ್ಲ. ಗಾಳಿ ಬೀಸುವ ದಿನಗಳಲ್ಲಿ ಆ ಧೂಳು ಮನೆಯೊಳಗೂ ಎದೆಯೊಳಗೂ ಹೋಗುತ್ತದೆ. ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ರೋಗವನ್ನು ನಮ್ಮ ದೇಶದಲ್ಲಿ ಮೊದಲು ವರದಿ ಮಾಡಿದ್ದು 1940ರ ದಶಕದಲ್ಲಿ, ಇದೇ ಗಣಿಗಳ ಕಾರ್ಮಿಕರಲ್ಲಿ. ಗಣಿಗೆ ಇಳಿದವರಿಗಾದರೂ ಆಗ ಕೂಲಿಯಿತ್ತು. ಗಣಿ ಮುಚ್ಚಿದ ಮೇಲೆ ಹುಟ್ಟಿದ ಮಗುವಿಗೆ ಚಿನ್ನವೂ ಇಲ್ಲ, ಕೂಲಿಯೂ ಇಲ್ಲ, ಧೂಳು ಮಾತ್ರ ಉಂಟು.

ಇಲ್ಲಿ ಇನ್ನೊಂದು ಮುಜುಗರದ ಸಂಗತಿಯಿದೆ. ಕೆ.ಜಿ.ಎಫ್. ಬಿಟ್ಟುಹೋದದ್ದು ಯಾವನೋ ದುರಾಸೆಯ ಸೇಠನಲ್ಲ. ಕೇಂದ್ರ ಸರಕಾರದ ಕಂಪನಿ. ಅದರ ಒಡೆಯರು ಎಂದರೆ ನಾವೇ ಪ್ರಜೆಗಳು. ನಮ್ಮಂಥ ಕೇಂದ್ರದ ನೌಕರರಿಗಂತೂ ಯಜಮಾನನೂ ಅದೇ. ಖಾಸಗಿಯವರನ್ನು ಬಯ್ದು ಕೈತೊಳೆದುಕೊಳ್ಳುವ ಸೌಲಭ್ಯ ಇಲ್ಲಿ ನಮಗಿಲ್ಲ.

ಇನ್ನು ಎದುರುವಾದಗಳನ್ನು ನೋಡೋಣ. ಅವು ಹಗುರವಾದವಲ್ಲ.

ಮೊದಲನೆಯದು: ಕಂಪನಿಯಲ್ಲಿ ಉಳಿದ ಹಣವನ್ನೆಲ್ಲ ಮಣ್ಣು ಶುಚಿಮಾಡಲು ಸುರಿದರೆ ಕಾರ್ಮಿಕನ ಗತಿಯೇನು? ಸಂಬಳ, ಗ್ರಾಚ್ಯುಟಿ, ಭವಿಷ್ಯನಿಧಿ ಅವನ ರಕ್ತದ ದುಡಿಮೆ. ಇದಕ್ಕೆ ಸಿದ್ಧ ಉತ್ತರವಿಲ್ಲ. ಆದರೆ ಕಾರ್ಮಿಕನ ಮನೆಯಿರುವುದೂ ಆ ದಿಬ್ಬದ ಕೆಳಗೇ ಎಂಬುದನ್ನು ಮರೆಯಬಾರದು. ಅವನ ಬಲಗೈಗೆ ಗ್ರಾಚ್ಯುಟಿ ಕೊಟ್ಟು ಎಡಗೈಗೆ ಮಗುವಿನ ಆಸ್ಪತ್ರೆ ಚೀಟಿ ಕೊಟ್ಟರೆ ಅವನಿಗೆ ನ್ಯಾಯವಾದಂತಾಗಲಿಲ್ಲ. ಆದ್ದರಿಂದ ಪೈಪೋಟಿಯನ್ನು ಕಾರ್ಮಿಕನಿಗೂ ಮಣ್ಣಿಗೂ ನಡುವೆ ಹಚ್ಚುವುದೇ ತಪ್ಪೆಂದು ನಮಗೆ ತೋರುತ್ತದೆ. ಅವರಿಬ್ಬರೂ ಒಂದು ಪಂಕ್ತಿಯವರು. ಪಂಕ್ತಿಯಲ್ಲಿ ಹಿಂದೆ ಸರಿಯಬೇಕಾದವನು ಲೆಕ್ಕ ಹಾಕಿ ಸಾಲ ಕೊಟ್ಟವನು.

ಎರಡನೆಯದು: ಸಾಲ ಕೊಟ್ಟ ಬ್ಯಾಂಕೆಂದರೆ ಯಾರು? ನಿಮ್ಮ ನಮ್ಮಂಥವರ ಠೇವಣಿಯೇ ಅಲ್ಲವೇ? ಬ್ಯಾಂಕು ಹಿಂದೆ ಸರಿದರೆ ಮುಂದೆ ಗಣಿಗೂ ಕಾರ್ಖಾನೆಗೂ ಸಾಲ ಕೊಡುವವರಾರು? ಈ ಮಾತಿನಲ್ಲಿ ಹುರುಳಿದೆ. ಆದರೆ ಶುದ್ಧೀಕರಣದ ಖರ್ಚು ತನ್ನ ಮುಂಗಡಕ್ಕೆ ಮೊದಲು ಬರುತ್ತದೆಂದು ತಿಳಿದ ಬ್ಯಾಂಕು ಸಾಲ ಕೊಡುವ ಮುನ್ನವೇ ‘ತ್ಯಾಜ್ಯವನ್ನು ಎಲ್ಲಿ ಹಾಕುತ್ತೀ?’ ಎಂದು ಕೇಳುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಇನ್ಸ್‌ಪೆಕ್ಟರು ವರ್ಷಕ್ಕೊಮ್ಮೆ ಬಂದು ಕೇಳುವುದಕ್ಕಿಂತ ಅದು ಹೆಚ್ಚು ಪರಿಣಾಮಕಾರಿ. ನಮ್ಮ ಠೇವಣಿಗೆ ಅರ್ಧ ಪರ್ಸೆಂಟು ಬಡ್ಡಿ ಹೆಚ್ಚು ಬಂದದ್ದು ನೆರೆಯವನ ಬಾವಿಯಿಂದ ಎಂದಾದರೆ ಆ ಅರ್ಧ ಪರ್ಸೆಂಟು ನಮ್ಮದಲ್ಲವೆಂದು ಒಪ್ಪಲೇಬೇಕು.

ಮೂರನೆಯದು: ಅಂದಿನ ಕಾಲಕ್ಕೆ ಎಲ್ಲರೂ ಹಾಗೆಯೇ ಸುರಿಯುತ್ತಿದ್ದರು, ಯಾವ ಕಾಯಿದೆಯನ್ನೂ ಮುರಿಯಲಿಲ್ಲ, ಈಗ ಹೊಣೆ ಹೊರಿಸುವುದು ಅನ್ಯಾಯ. ಶಿಕ್ಷೆಯ ಮಾತಾದರೆ ಈ ವಾದ ಸರಿಯೇ. ತಿಳಿಯದೆ ಮಾಡಿದ್ದಕ್ಕೆ ಸೆರೆಮನೆ ಸಲ್ಲದು. ಆದರೆ ಶಿಕ್ಷೆ ಬೇರೆ, ಶುಚಿಮಾಡುವ ಹೊಣೆ ಬೇರೆ. ನಮ್ಮ ಕೊಡ ಕೈತಪ್ಪಿ ಪಕ್ಕದ ಮನೆಯವರ ಅಂಗಳ ರಾಡಿಯಾದರೆ, ‘ಬೇಕೆಂದು ಮಾಡಲಿಲ್ಲ’ ಎಂಬ ಮಾತು ಬೈಗುಳವನ್ನು ತಪ್ಪಿಸೀತು. ಪೊರಕೆ ಹಿಡಿಯುವುದನ್ನು ತಪ್ಪಿಸಲಾರದು.

ನಾಲ್ಕನೆಯದು ಎಲ್ಲಕ್ಕೂ ಮಿಗಿಲಾದ ವಾದ: ಬರಿಗೈಯವನಿಂದ ಏನನ್ನು ಕಿತ್ತುಕೊಳ್ಳುತ್ತೀರಿ? ಹೊಣೆ ಅವನದೆಂದು ನೂರು ಸಲ ಬರೆದರೂ ಗಡಿಗೆಯಲ್ಲಿ ಇಲ್ಲದ್ದು ಸೌಟಿಗೆ ಬರುವುದಿಲ್ಲ. ಇದಕ್ಕೆ ರಾಜಸ್ಥಾನದ ಬಿಛ್ರಿಯೇ ನಿದರ್ಶನ. 1980ರ ದಶಕದ ಕೊನೆಯಲ್ಲಿ ಉದಯಪುರದ ಹತ್ತಿರದ ಆ ಹಳ್ಳಿಯಲ್ಲಿ ಬಣ್ಣದ ಉದ್ಯಮಕ್ಕೆ ಬೇಕಾದ ಎಚ್-ಆಮ್ಲವನ್ನು ತಯಾರಿಸಿದ ಕಾರ್ಖಾನೆಗಳು ಕೆಸರುತ್ಯಾಜ್ಯವನ್ನು ಬಯಲಿಗೆ ಸುರಿದವು. ಬಾವಿಗಳ ನೀರು ಬಣ್ಣಗೆಟ್ಟು ಕುಡಿಯಲು ಬಾರದಾಯಿತು. 1996ರಲ್ಲಿ ನಮ್ಮ ಸುಪ್ರೀಂ ಕೋರ್ಟು, ಕೆಡಿಸಿದವನೇ ಸರಿಪಡಿಸುವ ಖರ್ಚನ್ನೂ ತೆರಬೇಕೆಂದು ಸ್ಪಷ್ಟವಾಗಿ ಹೇಳಿತು. ಅದಕ್ಕಾಗಿ ಲೆಕ್ಕಹಾಕಿದ ಮೊತ್ತ 37 ಕೋಟಿ 38 ಲಕ್ಷ ರೂಪಾಯಿಗೂ ಮೇಲೆ. ತೀರ್ಪು ಬಂದಿತೇ ಹೊರತು ಹಣ ಬರಲಿಲ್ಲ. ಅರ್ಜಿಯ ಮೇಲೆ ಅರ್ಜಿ ಹಾಕುತ್ತ ಕಾಲ ತಳ್ಳಲಾಯಿತು. ಹದಿನೈದು ವರ್ಷಗಳ ಮೇಲೆ, 2011ರಲ್ಲಿ, ಅದೇ ಮೊತ್ತಕ್ಕೆ ಶೇಕಡಾ 12ರ ಚಕ್ರಬಡ್ಡಿ ಸೇರಿಸಿ ಕೊಡಬೇಕೆಂದು ಕೋರ್ಟು ಮತ್ತೆ ಆಜ್ಞೆ ಮಾಡಬೇಕಾಯಿತು. ಅಷ್ಟು ವರ್ಷ ಬಿಛ್ರಿಯ ರೈತ ಯಾವ ನೀರು ಕುಡಿದ?

ಈ ನಾಲ್ಕನೆಯ ವಾದಕ್ಕೆ ಉತ್ತರ, ಮುಳುಗುವ ದಿನದಲ್ಲಿ ಇಲ್ಲ, ತೇಲುವ ದಿನಗಳಲ್ಲಿದೆ. ಇದನ್ನು ಸರಕಾರಿ ಗುಮಾಸ್ತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸರಕಾರಿ ಕ್ವಾರ್ಟರ್ಸಿನಲ್ಲಿದ್ದ ನೌಕರ ನಿವೃತ್ತನಾದಾಗ, ಮನೆಯ ಬಾಬ್ತು ಬಾಕಿ ಏನೂ ಇಲ್ಲವೆಂಬ ಸರ್ಟಿಫಿಕೇಟು ಬರುವವರೆಗೆ ಅವನ ಗ್ರಾಚ್ಯುಟಿಯ ಒಂದಂಶವನ್ನು ತಡೆಹಿಡಿಯುತ್ತಾರೆ. ಮೂವತ್ತೈದು ವರ್ಷ ಪ್ರಾಮಾಣಿಕವಾಗಿ ದುಡಿದವನ ಮೇಲೆ ಇದೇನು ಅಪನಂಬಿಕೆ ಎಂದು ನಮ್ಮಲ್ಲಿ ಅನೇಕರು ಗೊಣಗುವುದುಂಟು. ಆದರೂ ನಿಯಮದ ವಿವೇಕವನ್ನು ಅಲ್ಲಗಳೆಯಲಾಗದು: ಹೊರಟುಹೋದವನ ಹಿಂದೆ ಓಡುವುದಕ್ಕಿಂತ ಹೊರಡುವ ಮುನ್ನ ಕೈಯಲ್ಲಿಟ್ಟುಕೊಂಡಿರುವುದು ಮೇಲು. ಒಬ್ಬ ಗುಮಾಸ್ತ ಎರಡು ಕೋಣೆಗಳ ಮನೆ ಬಿಡುವಾಗ ಇರುವ ಎಚ್ಚರಿಕೆ, ಒಂದು ಕಂಪನಿ ಬೆಟ್ಟಗಳನ್ನೇ ಬಿಟ್ಟುಹೋಗುವಾಗ ಬೇಡವೇ?

ಗಣಿಗಳ ಮಟ್ಟಿಗೆ ಈ ಎಚ್ಚರ ನಮ್ಮಲ್ಲಿ 2003ರಲ್ಲಿ ಮೂಡಿತು. ಆ ವರ್ಷದ ನಿಯಮಗಳಂತೆ ಪ್ರತಿ ಗಣಿಯೂ ಮುಚ್ಚುವ ಯೋಜನೆಯನ್ನು ಮೊದಲೇ ಕೊಡಬೇಕು. ದೊಡ್ಡ ಗಣಿಗಳು ಹೆಕ್ಟೇರಿಗೆ 25,000 ರೂಪಾಯಿಯಂತೆ ಭದ್ರತೆಯನ್ನೂ ಒದಗಿಸಬೇಕು. 2017ರಲ್ಲಿ ಇದು 3 ಲಕ್ಷಕ್ಕೆ, 2021ರಲ್ಲಿ 5 ಲಕ್ಷಕ್ಕೆ ಏರಿತು. ಹದಿನೆಂಟು ವರ್ಷಗಳಲ್ಲಿ ಇಪ್ಪತ್ತು ಪಟ್ಟು! ಮೊದಲು ಹಾಕಿದ ಲೆಕ್ಕ ಎಷ್ಟು ಕಡಿಮೆಯಿತ್ತೆಂಬುದು ಇದರಿಂದಲೇ ತಿಳಿಯುತ್ತದೆ. ಇನ್ನು ಕೆ.ಜಿ.ಎಫ್. ಮುಚ್ಚಿದ್ದು 2001ರಲ್ಲಿ. ನಿಯಮ ಬರುವುದಕ್ಕೆ ಎರಡು ವರ್ಷ ಮೊದಲೇ ಗಣಿ ಹೋಗಿತ್ತು.

ಕೆನಡಾದ ಸುಪ್ರೀಂ ಕೋರ್ಟು 2019ರಲ್ಲಿ ಕೊಟ್ಟ ತೀರ್ಪೊಂದು ಇಲ್ಲಿ ಬಹಳ ಬೋಧಪ್ರದವಾಗಿದೆ. ಅಲ್ಬರ್ಟಾ ಪ್ರಾಂತದ ರೆಡ್‌ವಾಟರ್ ಎನರ್ಜಿ ಎಂಬ ಸಣ್ಣ ಕಂಪನಿ 2015ರಲ್ಲಿ ದಿವಾಳಿಯಾಯಿತು. ಅದಕ್ಕೆ 84 ಎಣ್ಣೆ ಹಾಗೂ ಅನಿಲ ಬಾವಿಗಳಿದ್ದವು. ಅವುಗಳಲ್ಲಿ ಇನ್ನೂ ಬೆಲೆಬಾಳುವ ಕೆಲವನ್ನು ಮಾತ್ರ ಇಟ್ಟುಕೊಂಡು, ಬತ್ತಿದ ಬಾವಿಗಳನ್ನು ತ್ಯಜಿಸುತ್ತೇವೆಂದು ದಿವಾಳಿಯ ಅಧಿಕಾರಿ ಹೇಳಿದ. ಬತ್ತಿದ ಬಾವಿಗಳನ್ನು ಮುಚ್ಚಿ ಭದ್ರಪಡಿಸುವ ಖರ್ಚು ಯಾರದು? ಕೋರ್ಟಿನ ಬಹುಮತದ ಉತ್ತರ ಹೀಗಿತ್ತು: ಸರಕಾರದ ನಿಯಂತ್ರಕನು ಇಲ್ಲಿ ಸಾಲಿಗನಲ್ಲ, ಅವನು ಸಾರ್ವಜನಿಕರ ಪರವಾಗಿ ಒಂದು ಕರ್ತವ್ಯವನ್ನು ಮಾಡಿಸುತ್ತಿದ್ದಾನೆ, ಕರ್ತವ್ಯವು ಸಾಲಗಳ ಸಾಲಿನಲ್ಲಿ ನಿಂತು ಸರದಿ ಕಾಯಬೇಕಾಗಿಲ್ಲ. ಎಂದರೆ ಉಳಿದ ಆಸ್ತಿಯಿಂದ ಮೊದಲು ಬಾವಿಗಳನ್ನು ಮುಚ್ಚಬೇಕು, ಮಿಕ್ಕರೆ ಸಾಲಿಗರಿಗೆ. ನಮ್ಮ ಹಿರಿಯರು ಋಣಕ್ಕೂ ಧರ್ಮಕ್ಕೂ ಮಾಡಿದ ಭೇದ ಇದೇ ಅಲ್ಲವೇ? ಸಾಲವನ್ನು ಮನ್ನಾ ಮಾಡಬಹುದು. ಧರ್ಮವನ್ನು ಮನ್ನಾ ಮಾಡುವ ಅಧಿಕಾರ ಯಾರಿಗಿದೆ?

ನಮ್ಮ 2016ರ ದಿವಾಳಿ ಸಂಹಿತೆಯಲ್ಲಿ ಈ ಸ್ಪಷ್ಟತೆ ಇಲ್ಲ. ಅದರ 53ನೆಯ ಕಲಮಿನಲ್ಲಿ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ಪಟ್ಟಿಯಿದೆ: ಪ್ರಕ್ರಿಯೆಯ ಖರ್ಚು, ಕಾರ್ಮಿಕರ 24 ತಿಂಗಳ ಬಾಕಿ ಹಾಗೂ ಒತ್ತೆಯುಳ್ಳ ಸಾಲಿಗರು, ಇತರ ನೌಕರರು, ಹೀಗೆ ಸಾಗಿ ಕೊನೆಗೆ ಶೇರುದಾರರು. ಈ ಪಟ್ಟಿಯಲ್ಲಿ ಮಣ್ಣಿಗೆಂದು, ನೀರಿಗೆಂದು ಒಂದು ಸಾಲೂ ಇಲ್ಲ. 2020ರಲ್ಲಿ ಸೇರಿಸಿದ 32ಎ ಕಲಮು, ಹೊಸ ಒಡೆಯನ ಕೈಸೇರಿದ ಕಂಪನಿಯನ್ನು ಹಳೆಯ ಆಡಳಿತದ ಅಪರಾಧಗಳಿಂದ ಬಿಡುಗಡೆ ಮಾಡುತ್ತದೆ. ಹೊಸಬನು ಹಳಬನ ಪಾಪಕ್ಕೆ ಶಿಕ್ಷೆ ಅನುಭವಿಸಬಾರದೆಂಬುದು ಸರಿಯಾದದ್ದೇ. ಆದರೆ ಶಿಕ್ಷೆ ಮಾಫಿಯಾದದ್ದನ್ನು ಹೊಣೆಯೇ ಮಾಫಿಯಾಯಿತೆಂದು ಓದುವವರು ಇದ್ದೇ ಇರುತ್ತಾರೆ. ಅಲ್ಲಿ ಎಚ್ಚರ ಬೇಕು. ಇನ್ನು 2025ರಲ್ಲಿ ಕೇಂದ್ರ ಸರಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಹೊಣೆಗಾರನನ್ನು ಗುರುತಿಸಿ ಅವನಿಂದ ಖರ್ಚು ವಸೂಲು ಮಾಡುವುದು ಅದರ ಮೂಲ ತತ್ವ. ಇದು ಸ್ವಾಗತಾರ್ಹ ಹೆಜ್ಜೆ.

ಹಾಗಾದರೆ ನಮ್ಮ ತೀರ್ಮಾನವೇನು? ದಿವಾಳಿಯೆಂಬ ದಯೆ ಉಳಿಯಲಿ. ಆದರೆ ಅದರ ಕ್ರಮ ಹೀಗಿರಲಿ. ಎಲ್ಲಕ್ಕೂ ಮೊದಲು ಕಾವಲು, ಬೇಲಿ, ಸೋರಿಕೆ ತಡೆಯುವುದು, ಸುತ್ತಲಿನವರಿಗೆ ಕುಡಿಯುವ ನೀರು. ಇವನ್ನು ಪ್ರಕ್ರಿಯೆಯ ಖರ್ಚಿನಲ್ಲೇ ಸೇರಿಸಬೇಕು, ಏಕೆಂದರೆ ಉರಿಯುವ ಮನೆಯಲ್ಲಿ ಕುಳಿತು ಪಾಲು ಹಂಚಲಾಗದು. ಅನಂತರ ಕಾರ್ಮಿಕನೂ ಶುದ್ಧೀಕರಣವೂ ಒಂದೇ ಪಂಕ್ತಿಯಲ್ಲಿ. ಅದರ ಹಿಂದೆ ಬ್ಯಾಂಕು. ಹರಾಜಿನ ಪ್ರಕಟಣೆಯಲ್ಲಿ ನೆಲದಡಿಯ ಸ್ಥಿತಿಯನ್ನೂ ಬರೆಯಬೇಕು. ಭದ್ರತಾ ಠೇವಣಿಯನ್ನು ಗಣಿಗಳಿಗಷ್ಟೇ ಅಲ್ಲ, ವಿಷವಸ್ತು ಬಳಸುವ ಪ್ರತಿಯೊಂದು ಕಾರ್ಖಾನೆಯಿಂದಲೂ ತೇಲುವ ದಿನಗಳಲ್ಲೇ ಪಡೆಯಬೇಕು. ಇಷ್ಟಾದ ಮೇಲೂ ಸಾಲದೆ ಬಂದರೆ ಸರಕಾರ ಮುಂದೆ ಬರಬೇಕು. ದಾನ ಕೊಡುವವನಂತಲ್ಲ, ಹೊಣೆ ಹೊತ್ತವನಂತೆ. ಪರವಾನಗಿ ಕೊಟ್ಟದ್ದೂ ರಾಜಧನ ಎಣಿಸಿಕೊಂಡದ್ದೂ ತೆರಿಗೆ ಪಡೆದದ್ದೂ ಅದೇ ತಾನೆ?

ಕೆ.ಜಿ.ಎಫ್‌ನ ದಿಬ್ಬಗಳಿಗೆ ಈಗ ಮತ್ತೆ ಬೆಲೆ ಬಂದಿದೆ. ಚಿನ್ನದ ದರ ಏರಿರುವುದರಿಂದ, ಆ ಪುಡಿಯಲ್ಲಿ ಉಳಿದಿರುವ ಅಲ್ಪಸ್ವಲ್ಪ ಚಿನ್ನವನ್ನೂ ತೆಗೆಯುವುದು ಲಾಭದಾಯಕವೆನಿಸಿದೆ. 13 ದಿಬ್ಬಗಳನ್ನು ಹರಾಜಿಗಿಡುವ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕದ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ನೀಡಿತು. ಹೊರೆಯೆಂದು ಬಿಟ್ಟುಹೋದದ್ದೇ ಮತ್ತೆ ಆಸ್ತಿಯಾಗುತ್ತಿದೆ. ಇದು ಸಂತೋಷದ ಮಾತು. ಕಾರ್ಮಿಕರ ಮಕ್ಕಳಿಗೆ ಒಂದಿಷ್ಟು ಕೆಲಸ ಸಿಕ್ಕೀತು. ಆದರೆ ಒಂದು ಗ್ರಾಂ ಚಿನ್ನ ತೆಗೆದ ಮೇಲೆ ಮಿಕ್ಕ ಟನ್ನು ಟನ್ನಾಗಿಯೇ ಇರುತ್ತದೆಂಬ ಹಳೆಯ ಲೆಕ್ಕ ಬದಲಾಗಿಲ್ಲ. ಈ ಸಲ ದಿಬ್ಬ ಕೊಳ್ಳುವವನು ಚಿನ್ನದ ಜೊತೆಗೆ ಆ ಟನ್ನನ್ನೂ ಕೊಳ್ಳಬೇಕು. ಆ ಟನ್ನನ್ನು ಎಲ್ಲಿ ಇಡುತ್ತಾನೆ, ಹೇಗೆ ಮುಚ್ಚುತ್ತಾನೆ, ಅದಕ್ಕೆ ಇಟ್ಟ ಠೇವಣಿ ಎಷ್ಟು ಎಂಬುದನ್ನು ಮೊದಲ ಬುಟ್ಟಿ ಮಣ್ಣು ಎತ್ತುವ ಮೊದಲೇ ಕೇಳಬೇಕು. ಕೇಳತಕ್ಕವರು ಕೆ.ಜಿ.ಎಫ್‌ನವರಷ್ಟೇ ಅಲ್ಲ, ಆ ಕಂಪನಿಯ ಒಡೆಯರಾದ ನಾವೆಲ್ಲರೂ.